ಕ್ಲೌಡ್ ಸಂಗ್ರಹದಲ್ಲಿ ಕಡತಗಳ ಕೈಮರಗಳು

ಶಾಸನಗಳ ಪಡಿಯಚ್ಚುಗಳನ್ನೂ ಛಾಯಾಚಿತ್ರಗಳನ್ನೂ ಕೂಡಿಸಿಡುವವರಿಗೆಲ್ಲ ಒಂದು ತೊಡಕು ಬಹುಕಾಲದಿಂದ ಪರಿಚಿತವಾಗಿರುವುದಷ್ಟೆ. ವಸ್ತುವೊಂದು, ಅದನ್ನು ಹುಡುಕಿಕೊಂಡು ಬರುವ ದಾರಿಗಳು ಹಲವು. ಹಲ್ಮಿಡಿಯ ಶಾಸನವನ್ನೇ ತೆಗೆದುಕೊಳ್ಳೋಣ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಅದು ದೊರೆತ ಊರು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿಗೆ ಸೇರಿದುದಾದಕಾರಣ ಅದರ ಚಿತ್ರವನ್ನು ಬೇಲೂರಿನ ಕಂತೆಯಲ್ಲಿ ಇಡಬೇಕೆಂದು ಸ್ಥಳವಾರಿಯಾಗಿ ವಿಂಗಡಿಸುವವರು ಹೇಳುವರು. ರಾಜವಂಶಗಳ ಕ್ರಮವನ್ನು ಹಿಡಿದವರಿಗೆ ಅದು ಕದಂಬರ ಕಂತೆಯಲ್ಲಿರುವುದೇ ನ್ಯಾಯ. ಭಾಷೆಯ ಚರಿತ್ರೆಯನ್ನು ಬರೆಯುವವನು ಅತ್ಯಂತ ಹಳೆಯ ಕನ್ನಡದ ಮಾದರಿಗಳಲ್ಲಿ ಅದನ್ನು ಮೊದಲು ಅರಸುತ್ತಾನೆ. ಕಲ್ಲು ಮೈಸೂರಿಗೆ ಬಂದು ಅಲ್ಲಿ ರಕ್ಷಿತವಾಗಿರುವುದರಿಂದ ಮೈಸೂರಿನ ಪಟ್ಟಿಯಲ್ಲಿಯೂ ಅದರ ಹೆಸರು ಇರಲೇಬೇಕು. ಈ ನಾಲ್ವರಲ್ಲಿ ಯಾರ ಮಾತನ್ನೂ ತಪ್ಪೆನ್ನುವ ಹಾಗಿಲ್ಲ.

ಕಾಗದದ ಕಾಲದಲ್ಲಿ ಇದಕ್ಕೆ ಎರಡು ಪರಿಹಾರಗಳಿದ್ದುವು. ಚಿತ್ರದ ನಾಲ್ಕು ಪ್ರತಿಗಳನ್ನು ಮಾಡಿಸಿ ನಾಲ್ಕು ಕಂತೆಗಳಲ್ಲಿಯೂ ಇಡುವುದು ಒಂದು; ಪ್ರತಿಯನ್ನು ಒಂದೇ ಕಡೆ ಇಟ್ಟು, ಉಳಿದ ಮೂರರಲ್ಲಿ “ಇಂಥ ಕಂತೆಯಲ್ಲಿ ನೋಡಿ” ಎಂದು ಬರೆದ ಚೀಟಿಯನ್ನು ಸೇರಿಸುವುದು ಮತ್ತೊಂದು. ಗ್ರಂಥಾಲಯಗಳವರು ಎರಡನೆಯದನ್ನೇ ಆರಿಸಿಕೊಂಡರು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿ, ಕೊನೆಗಾಲದಲ್ಲಿ ಬೆಂಗಳೂರಿನಲ್ಲಿಯೇ ನೆಲಸಿ, 1962ರಲ್ಲಿ ಅಲ್ಲಿ ಆ ಶಾಸ್ತ್ರದ ಸಂಶೋಧನ ಕೇಂದ್ರವು ಹುಟ್ಟುವುದಕ್ಕೆ ಕಾರಣರಾದ ಎಸ್. ಆರ್. ರಂಗನಾಥನ್ ಅವರ ಪದ್ಧತಿಯಲ್ಲಿಯೂ ಪುಸ್ತಕಕ್ಕೆ ಕಪಾಟಿನಲ್ಲಿ ಸ್ಥಾನ ಒಂದೇ. ಅದರತ್ತ ಬೊಟ್ಟುಮಾಡುವ ಕಾರ್ಡುಗಳು ಬೇಕಾದಷ್ಟು.

ಈಚೆಗೆ ನಮ್ಮ ಸಂಘದ ಚಿತ್ರಗಳೂ ಶಾಸನಪಾಠಗಳೂ ಟಿಪ್ಪಣಿಗಳೂ ಕಪಾಟನ್ನು ಬಿಟ್ಟು ಗೂಗಲ್ ಡ್ರೈವ್ ಎಂಬ ಸಂಗ್ರಹಕ್ಕೆ ಏರಿವೆ. ಇಂಥವನ್ನು ಕ್ಲೌಡ್ ಎಂದು ಮೋಡದ ಹೆಸರಿನಿಂದ ಕರೆದರೂ ಆಕಾಶಕ್ಕೂ ಅದಕ್ಕೂ ಸಂಬಂಧವಿಲ್ಲ. ಎಲ್ಲಿಯೋ ನೆಲದ ಮೇಲೆ ಕಟ್ಟಿದ ಯಂತ್ರಾಲಯಗಳಲ್ಲಿ ನಮ್ಮ ಫೈಲುಗಳು ಕುಳಿತಿರುತ್ತವೆ, ಇಂಟರ್‌ನೆಟ್ಟಿನ ಮೂಲಕ ನಾವು ಅವನ್ನು ತರಿಸಿಕೊಂಡು ನೋಡುತ್ತೇವೆ. ಕಪಾಟು ಹೋದರೂ ತೊಡಕು ಹೋಗಲಿಲ್ಲ. ಪರಿಹಾರಗಳೂ ಆ ಹಳೆಯ ಎರಡೇ. ಫೈಲಿನ ಪ್ರತಿಮಾಡಬಹುದು; ಇಲ್ಲವೆ ಶಾರ್ಟ್‌ಕಟ್ ಎಂಬ ಸೂಚನೆಯನ್ನು ಇಡಬಹುದು. ಎರಡನೆಯದರ ಸ್ವರೂಪವನ್ನು ಸರಿಯಾಗಿ ತಿಳಿಯದೆ ನಾವು ಒಂದು ದೊಡ್ಡ ನಷ್ಟಕ್ಕೆ ಗುರಿಯಾದೆವು. ಅದನ್ನು ಮುಂದೆ ಹೇಳುವೆನು. ಅದಕ್ಕೆ ಮೊದಲು ಈ ಸಾಧನದ ಲಕ್ಷಣವನ್ನು ಸ್ವಲ್ಪ ವಿಚಾರಿಸುವುದು ಯುಕ್ತವಾಗಿ ತೋರುತ್ತದೆ.

ಪ್ರತಿಮಾಡುವುದರಲ್ಲಿರುವ ಕೇಡನ್ನು ಗ್ರಂಥಸಂಪಾದನೆಯನ್ನು ಬಲ್ಲ ವಾಚಕರಿಗೆ ವಿವರಿಸಬೇಕಾದುದಿಲ್ಲ. ಪ್ರತಿ ಎಂದೊಡನೆ ಪಾಠಾಂತರ ಹುಟ್ಟಿತು. ಒಂದು ಶಾಸನದ ಪಾಠವನ್ನು ಮೂರು ಫೋಲ್ಡರುಗಳಲ್ಲಿ ಮೂರು ಪ್ರತಿಯಾಗಿ ಇಟ್ಟೆವೆನ್ನಿ. ಒಬ್ಬರು ಬಂದು ಮೊದಲನೆಯ ಪ್ರತಿಯಲ್ಲಿ ಏಳನೆಯ ಸಾಲಿನ ಒಂದು ಅಕ್ಷರವನ್ನು ತಿದ್ದುತ್ತಾರೆ. ಮತ್ತೊಬ್ಬರು ಮೂರನೆಯದರಲ್ಲಿ ತೇದಿಯನ್ನು ಸರಿಪಡಿಸುತ್ತಾರೆ. ಎರಡನೆಯದು ಯಾರ ಕೈಯೂ ತಾಗದೆ ತಪ್ಪುಗಳೊಡನೆ ನಿಂತಿರುತ್ತದೆ. ವರ್ಷ ಕಳೆದಮೇಲೆ ಯಾವುದು ಮೂಲ, ಯಾವುದು ಶುದ್ಧ ಎಂಬುದನ್ನು ನಿರ್ಣಯಿಸಲು ಓಲೆಗರಿಯ ಪ್ರತಿಗಳನ್ನು ಹೋಲಿಸುವಷ್ಟೇ ಶ್ರಮ. ಓಲೆಯ ಲಿಪಿಕಾರನಿಗಾದರೂ ದೂರದ ಊರು, ಮಂದ ಬೆಳಕು, ಸವೆದ ಕಂಟ ಎಂಬ ನೆಪಗಳಿದ್ದುವು. ನಮಗೆ ಆ ನೆಪವೂ ಇಲ್ಲ. ಇದಲ್ಲದೆ ಪ್ರತಿಯೊಂದು ಪ್ರತಿಯೂ ಖಾತೆಯಲ್ಲಿ ಜಾಗವನ್ನು ತಿನ್ನುತ್ತದೆ. ಸೂಚನೆಯಾದರೋ ಮೂಲದ ಗಾತ್ರ ಎಷ್ಟೇ ಇದ್ದರೂ ಅದರ ಭಾರವನ್ನು ಹೊರುವುದಿಲ್ಲ.

ಇನ್ನು ಹೆಸರಿನ ವಿಚಾರ. ಫೈಲನ್ನು ಕಡತವೆನ್ನುವುದು ನಮ್ಮ ಕಚೇರಿಗಳಲ್ಲಿ ಬಳಕೆಗೆ ಬಂದಿದೆ. ಹಿಂದೆ ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ಒರಸಿ ಮತ್ತೆ ಬರೆಯಲು ಬರುತ್ತಿದ್ದುದರಿಂದ ಈಗಿನ ಫೈಲಿಗೆ ಆ ಹೆಸರು ಒಪ್ಪುವಂತೆಯೇ ಇದೆ. ಶಾರ್ಟ್‌ಕಟ್ಟಿಗೆ ಕೆಲವರು ಅಡ್ಡದಾರಿ, ಒಳದಾರಿ ಎನ್ನುತ್ತಾರೆ. ಮಾತಿಗೆ ಮಾತು ಸರಿಹೋದರೂ ವಸ್ತುವಿಗೆ ಹೊಂದುವುದಿಲ್ಲ. ಅದು ದಾರಿಯಲ್ಲ, ದಾರಿಯನ್ನು ತೋರಿಸುವ ಗುರುತು. ಮಲೆನಾಡಿನಲ್ಲಿ ದಾರಿಗಳು ಕೂಡುವೆಡೆ ನೆಡುತ್ತಿದ್ದ ಗುರುತಿಗೆ ಕೈಮರವೆಂದು ಹೆಸರು. ಚಿಕ್ಕಮಗಳೂರಿನ ಸಮೀಪದಲ್ಲಿ ಕೈಮರವೆಂಬ ಊರೇ ಇದೆ, ಮಂಗಳೂರಿನ ಕಡೆಗೆ ಹೋದರೆ ಅದೇ ಕೈಕಂಬ. ಊರಿನ ಹೆಸರನ್ನು ಹೊತ್ತು ಒಂದು ದಿಕ್ಕಿಗೆ ಕೈಚಾಚಿ ನಿಂತಿರುವುದಲ್ಲದೆ, ಆ ಊರನ್ನು ಕೈಮರವು ತನ್ನೊಳಗೆ ಇಟ್ಟುಕೊಂಡಿರುವುದಿಲ್ಲ. ಶಾರ್ಟ್‌ಕಟ್ಟಿನ ಸ್ವಭಾವವೂ ಇಷ್ಟೇ ಆದುದರಿಂದ ಈ ಲೇಖನದಲ್ಲಿ ಅದನ್ನು ಕೈಮರವೆಂದೇ ಕರೆಯುವೆನು.

ಅದನ್ನು ನೆಡುವ ಕ್ರಮ ಸುಲಭ. ಫೈಲಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದಾಗ ತೆರೆಯುವ ಪಟ್ಟಿಯಲ್ಲಿ ‘ಆರ್ಗನೈಸ್’ ಎಂಬುದರ ಕೆಳಗೆ ‘ಆಡ್ ಶಾರ್ಟ್‌ಕಟ್’ ಎಂದಿರುತ್ತದೆ. ಅದನ್ನು ಆರಿಸಿ, ಯಾವ ಫೋಲ್ಡರಿನಲ್ಲಿ ಇಡಬೇಕೆಂಬುದನ್ನು ತೋರಿಸಿದರೆ ಕೆಲಸ ಮುಗಿಯಿತು. ಚಿಹ್ನೆಯ ಮೂಲೆಯಲ್ಲಿ ಕಾಣುವ ಸಣ್ಣ ಬಾಣವೊಂದೇ ಅದನ್ನು ಮೂಲದಿಂದ ಬೇರ್ಪಡಿಸುವ ಗುರುತು. ಫೋಲ್ಡರಿಗೂ ಹೀಗೆಯೇ ಕೈಮರವನ್ನು ನೆಡಬಹುದು. ಆ ಬಾಣವು ಎಷ್ಟು ಚಿಕ್ಕದೆಂದರೆ ವಯಸ್ಸಾದ ಕಣ್ಣುಗಳಿಗೆ ಅದು ಇದ್ದೂ ಇಲ್ಲದಂತೆ.

ಗಣಕಯಂತ್ರಗಳಲ್ಲಿ ಈ ಉಪಾಯ ಹೊಸದಲ್ಲ. ಆದರೆ ಅದರಲ್ಲಿ ಜಾತಿಭೇದಗಳುಂಟು. ಯುನಿಕ್ಸ್ ವ್ಯವಸ್ಥೆಯಲ್ಲಿ ಮೊದಲಿನಿಂದ ಇದ್ದುದು ಹಾರ್ಡ್ ಲಿಂಕ್. ಅಲ್ಲಿ ಒಂದೇ ಕಡತಕ್ಕೆ ಎರಡು ಮೂರು ಹೆಸರುಗಳು. ಅವುಗಳಲ್ಲಿ ಹಿರಿದು ಕಿರಿದು ಎಂಬುದಿಲ್ಲ. ಕೊನೆಯ ಹೆಸರನ್ನು ಅಳಿಸುವವರೆಗೂ ಕಡತವು ಬದುಕಿರುತ್ತದೆ. 1983ರಲ್ಲಿ ಬಂದ ಯುನಿಕ್ಸಿನ ಬರ್ಕ್‌ಲಿ ಆವೃತ್ತಿಯಲ್ಲಿ ಸಿಂಬಾಲಿಕ್ ಲಿಂಕ್ ಸೇರಿಕೊಂಡಿತು. ಇದು ಬರಿಯ ವಿಳಾಸದ ಚೀಟಿ: ಇಂಥ ಫೋಲ್ಡರಿನೊಳಗಿನ ಇಂಥ ಹೆಸರಿನದು ಎಂದಷ್ಟೇ ಅದರಲ್ಲಿ ಬರೆದಿರುತ್ತದೆ. ಮೂಲವನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸಿದರೆ ಚೀಟಿ ಸುಳ್ಳಾಗುತ್ತದೆ. 1991ರಲ್ಲಿ ಮ್ಯಾಕಿಂಟಾಷ್ ಯಂತ್ರಗಳಿಗೆ ಬಂದ ಏಲಿಯಾಸ್ ಎಂಬುದು ಇದಕ್ಕಿಂತ ಜಾಣತನದ್ದು. ಅದು ವಿಳಾಸವನ್ನಲ್ಲದೆ ಕಡತದ ಗುರುತಿನ ಸಂಖ್ಯೆಯನ್ನೂ ಇಟ್ಟುಕೊಂಡಿದ್ದು, ಮನೆ ಬದಲಾಯಿಸಿದರೂ ಹುಡುಕಿಕೊಂಡು ಹೋಗುತ್ತಿತ್ತು. ಶಾರ್ಟ್‌ಕಟ್ ಎಂಬ ಹೆಸರನ್ನು ಜನಸಾಮಾನ್ಯರ ಬಾಯಿಗೆ ತಂದುದು 1995ರ ವಿಂಡೋಸ್.

ಗೂಗಲ್ ಡ್ರೈವಿನ ಕೈಮರವು ಗುರುತಿನ ಸಂಖ್ಯೆಯನ್ನು ಹಿಡಿಯುವ ಜಾತಿಯದು. ಅಲ್ಲಿ ಪ್ರತಿಯೊಂದು ಫೈಲಿಗೂ ಹುಟ್ಟಿದಾಗಲೇ ಉದ್ದನೆಯ ಅಕ್ಷರಮಾಲೆಯ ಗುರುತೊಂದು ದೊರೆಯುತ್ತದೆ. ಹೆಸರನ್ನು ಬದಲಾಯಿಸಿದರೂ, ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸಾಗಿಸಿದರೂ ಆ ಗುರುತು ಹಾಗೆಯೇ ಉಳಿಯುವುದರಿಂದ ಕೈಮರವು ದಿಕ್ಕು ತಪ್ಪುವುದಿಲ್ಲ. ಇದರ ಬೆಲೆ ಎಷ್ಟೆಂಬುದು ನಮ್ಮ ಶಾಸನಸಂಪುಟಗಳನ್ನು ಬಳಸಿ ನೊಂದವರಿಗೆ ಥಟ್ಟನೆ ಹೊಳೆಯುವುದು. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಸಂಪುಟ ಬಂದಾಗ ಅವು 500 ಆದುವು; ಕ್ರಮ ಬದಲಾದುದರಿಂದ ಸಂಖ್ಯೆಗಳೂ ಬದಲಾದುವು. 1973ರ ಆವೃತ್ತಿಯಲ್ಲಿ 573 ಶಾಸನಗಳು, ಮತ್ತೆ ಹೊಸ ಸಂಖ್ಯೆಗಳು. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ, 1129ರ ಮಲ್ಲಿಷೇಣಪ್ರಶಸ್ತಿ ರೈಸರಲ್ಲಿ 54, ನರಸಿಂಹಾಚಾರ್ಯರಲ್ಲಿ 67. ಆದಕಾರಣ ವಿದ್ವಾಂಸರು ‘67 (54)’ ಎಂದು ಎರಡನ್ನೂ ಬರೆಯುವ ಪದ್ಧತಿಯನ್ನು ಹಿಡಿದರು. ಕಲ್ಲು ಕಂಬದಿಂದ ಕದಲಲಿಲ್ಲ, ಕದಲಿದುದು ಸಂಖ್ಯೆ. 1900ರಲ್ಲಿ ಬರೆದ ಒಂದು ಅಡಿಟಿಪ್ಪಣಿಯನ್ನು ನಂಬಿ ಹೊಸ ಸಂಪುಟವನ್ನು ತೆರೆದ ವಿದ್ಯಾರ್ಥಿ ಬೇರೆ ಯಾರದೋ ಶಾಸನದ ಮುಂದೆ ನಿಲ್ಲುತ್ತಾನೆ. ರೈಸರು ಸಂಖ್ಯೆಯನ್ನು ಸ್ಥಾನಕ್ಕೆ ಕಟ್ಟಿದರೇ ಹೊರತು ಕಲ್ಲಿಗೆ ಕಟ್ಟಲಿಲ್ಲ. ಅವರ ಕಾಲಕ್ಕೆ ಬೇರೆ ಮಾರ್ಗವೂ ಇರಲಿಲ್ಲವೆನ್ನಬೇಕು.

ಇಷ್ಟಾದರೂ ಡ್ರೈವಿನಲ್ಲಿ ಕೈಮರಗಳು ಮೊದಲಿನಿಂದ ಇದ್ದುವಲ್ಲ. 2012ರಲ್ಲಿ ಅದು ಪ್ರಾರಂಭವಾದಂದಿನಿಂದ ಹಲವು ವರ್ಷಗಳು ಒಂದೇ ಫೈಲನ್ನು ಏಕಕಾಲದಲ್ಲಿ ಹಲವು ಫೋಲ್ಡರುಗಳಲ್ಲಿ ಇರಿಸಬಹುದಾಗಿತ್ತು. ಹಾರ್ಡ್ ಲಿಂಕಿನಂತೆ ಎಲ್ಲವೂ ಸಮಾನವಾದ ಮನೆಗಳು. ಕೇಳಲು ಸೊಗಸು. ಆದರೆ ಹಂಚಿಕೊಂಡ ಫೋಲ್ಡರಿಗೆ ಸೇರಿದೊಡನೆ ಫೈಲು ಆ ಫೋಲ್ಡರಿನ ಅನುಮತಿಗಳನ್ನೂ ಪಡೆಯುತ್ತಿದ್ದುದರಿಂದ, ಎರಡು ಮೂರು ಮನೆಗಳ ಫೈಲನ್ನು ಯಾರು ಯಾರು ನೋಡಬಲ್ಲರೆಂಬುದು ಒಡೆಯನಿಗೇ ತಿಳಿಯದಂತಾಗುತ್ತಿತ್ತು. ಇನ್ನು ಕೆಲವರು, ಇದು ಹೆಚ್ಚಿನ ಪ್ರತಿಯೆಂದು ಭಾವಿಸಿ ಒಂದು ಫೋಲ್ಡರಿನಲ್ಲಿ ಫೈಲನ್ನು ಅಳಿಸಿದರೆ ಎಲ್ಲ ಕಡೆಯೂ ಹೋಗಿಬಿಡುತ್ತಿತ್ತು. 2020ರ ಸೆಪ್ಟೆಂಬರ್ 30ರಿಂದ ಈ ಸ್ವಾತಂತ್ರ್ಯವನ್ನು ತೆಗೆದುಹಾಕಿ, ಒಂದು ಫೈಲಿಗೆ ಒಂದೇ ಮನೆ, ಉಳಿದೆಡೆ ಕೈಮರ ಎಂಬ ನಿಯಮವನ್ನು ಮಾಡಿದರು. ಹಿಂದೆ ಹಲವೆಡೆ ಇದ್ದವನ್ನು 2022ರಿಂದ ಕೈಮರಗಳಾಗಿ ಮಾರ್ಪಡಿಸುತ್ತ ಬಂದರು. ಆಗ ಅನೇಕರು ಗೊಣಗಿದರು. ನಾನೂ ಗೊಣಗಿದವರಲ್ಲಿ ಒಬ್ಬ. ಈಗ ವಿಚಾರಿಸಿ ನೋಡಿದರೆ ಗ್ರಂಥಾಲಯಗಳವರು ನೂರು ವರ್ಷಗಳ ಹಿಂದೆ ಕಂಡುಕೊಂಡುದನ್ನೇ ಇವರೂ ಕಂಡುಕೊಂಡಂತೆ ತೋರುತ್ತದೆ.

ಪ್ರಕೃತ ಕೈಮರದ ನಡೆವಳಿಕೆಯಲ್ಲಿ ಮೂರು ಅಂಶಗಳು ನೆನಪಿನಲ್ಲಿರಬೇಕು. ಅದರ ಮೂಲಕ ತೆರೆದು ತಿದ್ದಿದರೆ ಮೂಲವೇ ತಿದ್ದಿಹೋಗುತ್ತದೆ. ಇದು ನಮಗೆ ಬೇಕಾದುದೇ. ಅದನ್ನು ಅಳಿಸಿದರೆ ಮೂಲಕ್ಕೆ ಏನೂ ಆಗುವುದಿಲ್ಲ; ಅದರ ಹೆಸರನ್ನು ಬದಲಾಯಿಸಿದರೂ ಮೂಲದ ಹೆಸರು ಬದಲಾಗದು. ಇದೂ ಅನುಕೂಲವೇ: ಬೇಲೂರಿನ ಫೋಲ್ಡರಿನಲ್ಲಿ ಊರಿನ ಹೆಸರಿನಿಂದಲೂ ಕದಂಬರ ಫೋಲ್ಡರಿನಲ್ಲಿ ಅರಸನ ಹೆಸರಿನಿಂದಲೂ ಒಂದೇ ಚಿತ್ರವನ್ನು ಕರೆಯಬಹುದು. ಮೂರನೆಯದು ಅನುಮತಿಯ ವಿಷಯ. ಕೈಮರವನ್ನು ಕೊಟ್ಟಮಾತ್ರಕ್ಕೆ ಊರಿನ ಬಾಗಿಲು ತೆರೆಯುವುದಿಲ್ಲ. ಮೂಲವನ್ನು ನೋಡುವ ಅನುಮತಿ ಇಲ್ಲದವರು ಕೈಮರವನ್ನು ಒತ್ತಿದರೆ ಅನುಮತಿಯನ್ನು ಬೇಡಬೇಕೆಂಬ ಪುಟವಷ್ಟೆ ಕಾಣುತ್ತದೆ. ನಾವು ಒಬ್ಬ ವಿದ್ಯಾರ್ಥಿನಿಗೆ ಹಂಚಿಕೊಟ್ಟ ಫೋಲ್ಡರಿನಲ್ಲಿ ನಲವತ್ತು ಕೈಮರಗಳಿದ್ದು, ಆಕೆ ಪಾಪ, ನಲವತ್ತು ಬಾರಿ ಅನುಮತಿಯನ್ನು ಬೇಡಿಕೊಂಡಿದ್ದಳು. ಹೀಗಿದ್ದರೂ ಕೈಮರದ ಮೇಲಿನ ಹೆಸರು ಮಾತ್ರ ಫೋಲ್ಡರನ್ನು ನೋಡುವವರಿಗೆಲ್ಲ ಕಾಣುತ್ತದೆಯಾದಕಾರಣ, ಗುಟ್ಟಾಗಿರಬೇಕಾದುದನ್ನು ಹೆಸರಿನಲ್ಲಿ ಬರೆಯಬಾರದು.

ಇನ್ನು ನಷ್ಟದ ಸಂಗತಿ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಹದಿನೈದು ವರ್ಷಗಳಿಗೂ ಮೇಲ್ಪಟ್ಟು ರಜಾದಿನಗಳಲ್ಲೆಲ್ಲ ಹಳ್ಳಿಗಳನ್ನು ಸುತ್ತಿ, ವೀರಗಲ್ಲು, ಮಾಸ್ತಿಕಲ್ಲು, ತೂಬಿನ ಶಾಸನಗಳ ಚಿತ್ರಗಳನ್ನು ತೆಗೆದಿದ್ದರು. ಸಾವಿರಕ್ಕೆ ಕಡಮೆ ಇರಲಿಲ್ಲ. ಅವರು ಕೆಲಸದಲ್ಲಿದ್ದ ವಿದ್ಯಾಸಂಸ್ಥೆಯು ಕೊಟ್ಟಿದ್ದ ಖಾತೆಯಲ್ಲಿಯೇ ಅವೆಲ್ಲವೂ ಇದ್ದುವು. ಸಂಘಕ್ಕೆ ಅವನ್ನು ಒಪ್ಪಿಸಬೇಕೆಂದು ನಾವು ಕೇಳಿದಾಗ ಅವರು ಸಂತೋಷದಿಂದ ಎಲ್ಲವನ್ನೂ ಹಂಚಿಕೊಟ್ಟರು. ನಾನೂ ಮತ್ತಿಬ್ಬರೂ ಮೂರು ತಿಂಗಳು ಕುಳಿತು ತಾಲ್ಲೂಕುವಾರಿಯಾಗಿ, ವಂಶವಾರಿಯಾಗಿ, ಶಿಲ್ಪದ ಪ್ರಕಾರವಾಗಿ ಫೋಲ್ಡರುಗಳನ್ನು ಮಾಡಿ, ಪ್ರತಿಯೊಂದರಲ್ಲಿಯೂ ಕೈಮರಗಳನ್ನು ನೆಟ್ಟು, ಊರು, ಸ್ಥಳ, ಸಾಲುಗಳ ಸಂಖ್ಯೆ, ನೋಡಿದ ತೇದಿ ಇವುಗಳನ್ನು ಹೆಸರಿನಲ್ಲಿಯೇ ನಮೂದಿಸಿದೆವು. ವಾರ್ಷಿಕ ವರದಿಯಲ್ಲಿ “ಸಂಗ್ರಹವು ಸಂಘದ ವಶಕ್ಕೆ ಬಂದಿದೆ” ಎಂದು ಬರೆದವನೂ ನಾನೇ. ವಶಕ್ಕೆ ಬಂದುದು ಕೈಮರಗಳು ಮಾತ್ರ.

ಎರಡು ವರ್ಷಗಳ ತರುವಾಯ ಅವರು ನಿವೃತ್ತರಾದರು. ನಿವೃತ್ತರ ಖಾತೆಗಳನ್ನು ಕೆಲವು ತಿಂಗಳಲ್ಲಿ ಮುಚ್ಚುವುದು ಆ ಸಂಸ್ಥೆಯ ನಿಯಮ. ಮುಂಚಿತವಾಗಿ ಸೂಚನೆಯನ್ನೂ ಕಳುಹಿಸಿದ್ದರಂತೆ. ಆದುದರಿಂದ ಅವರನ್ನು ದೂರುವಂತಿಲ್ಲ. ನಮ್ಮ ಹಿರಿಯರು ಚಿತ್ರಗಳೆಲ್ಲ ಸಂಘದಲ್ಲಿ ಕ್ಷೇಮವಾಗಿವೆಯೆಂದು ನಂಬಿ ಸುಮ್ಮನಿದ್ದರು. ಹಾಗೆ ನಂಬುವಂತೆ ಮಾಡಿದವರು ನಾವು. ಒಂದು ದಿನ ಲೇಖನವೊಂದಕ್ಕಾಗಿ ಚಿತ್ರವನ್ನು ತೆರೆಯಹೋದಾಗ ತೆರೆಯಲಿಲ್ಲ, ಪಕ್ಕದ್ದೂ ತೆರೆಯಲಿಲ್ಲ. ಫೋಲ್ಡರುಗಳೂ ಹೆಸರುಗಳೂ ಕ್ರಮವೂ ಎಲ್ಲ ಇದ್ದ ಹಾಗೆಯೇ ಇದ್ದುವು. ಅವರ ಮನೆಗೆ ಹೋಗಿ ವಿಷಯವನ್ನು ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಮಾತಾಡದೆ ಇದ್ದು, ಒಳಗಿನಿಂದ ಒಂದು ಹಳೆಯ ಹಾರ್ಡ್ ಡಿಸ್ಕನ್ನು ತಂದುಕೊಟ್ಟರು. ಮೊದಲ ನಾಲ್ಕು ವರ್ಷಗಳ ಚಿತ್ರಗಳು ಅದರಲ್ಲಿ ಸಿಕ್ಕಿದುವು.

ಸ್ವಂತ ಖಾತೆಯಾದರೆ ಈ ಭಯವಿಲ್ಲವೆಂದು ವಾಚಕರು ತಿಳಿಯಬಾರದು. ಎರಡು ವರ್ಷ ಯಾರೂ ಬಳಸದೆ ಬಿಟ್ಟ ಸ್ವಂತ ಖಾತೆಗಳನ್ನು ಅದರೊಳಗಿನ ಫೈಲುಗಳೊಡನೆ ಅಳಿಸಬಹುದೆಂಬ ನಿಯಮವು ಗೂಗಲ್ ಸಂಸ್ಥೆಯಲ್ಲಿ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ವಿದ್ವಾಂಸರೊಬ್ಬರು ತೀರಿಕೊಂಡು, ಮನೆಯವರಿಗೆ ಗುಪ್ತಪದ ತಿಳಿಯದೆ ಹೋದರೆ, ಅವರ ಫೈಲುಗಳ ಕಡೆಗೆ ನಾವು ನೆಟ್ಟ ಕೈಮರಗಳಿಗೆ ಉಳಿಯುವ ಆಯುಸ್ಸು ಅಷ್ಟೇ. ಒಡೆಯನೇ ತಿಳಿಯದೆ ಕಸದ ಬುಟ್ಟಿಗೆ ಹಾಕಿದರೂ 30 ದಿನಗಳಲ್ಲಿ ಮೂಲವು ತಾನಾಗಿ ಅಳಿದುಹೋಗುತ್ತದೆ. ಯಾವ ಕೈಮರವೂ ಮುಂದಾಗಿ ಬಂದು ನಮ್ಮನ್ನು ಎಚ್ಚರಿಸುವುದಿಲ್ಲ.

ಈಗ ನಾವು ನಡೆಸುತ್ತಿರುವ ಕ್ರಮವನ್ನು ಇತರ ಸಂಘಗಳವರ ಉಪಯೋಗಕ್ಕಾಗಿ ಹೇಳುವೆನು. ಮೂಲಗಳೆಲ್ಲವೂ ಸಂಘದ ಹೆಸರಿನ ಶೇರ್ಡ್ ಡ್ರೈವಿನಲ್ಲಿ ಇರುತ್ತವೆ. ಅಲ್ಲಿ ಫೈಲಿನ ಒಡೆತನ ವ್ಯಕ್ತಿಯದಲ್ಲ, ಸಂಸ್ಥೆಯದು, ಆದುದರಿಂದ ಸದಸ್ಯರು ಬಂದರೂ ಹೋದರೂ ಫೈಲು ಕದಲುವುದಿಲ್ಲ. ಅಂಥ ಸಂಸ್ಥೆಯ ಖಾತೆ ಇಲ್ಲದವರು ಸಂಘದ ಹೆಸರಿನಲ್ಲಿ ಒಂದು ಸಾಮಾನ್ಯ ಖಾತೆಯನ್ನು ತೆರೆದು, ಸದಸ್ಯರಿಂದ ಒಡೆತನವನ್ನೇ ವರ್ಗಮಾಡಿಸಿಕೊಳ್ಳಬಹುದು. ಪಡೆಯುವ ಖಾತೆಯವರು ಅದನ್ನು ಒಪ್ಪಿಕೊಂಡಾಗಲೇ ವರ್ಗವು ಪೂರ್ಣವಾಗುತ್ತದೆ. ಸಂಸ್ಥೆಯ ಖಾತೆಗೂ ಸ್ವಂತ ಖಾತೆಗೂ ನಡುವೆ ಈ ವರ್ಗ ನಡೆಯದು. ಅಲ್ಲಿ ಪ್ರತಿಯನ್ನು ಮಾಡಿಕೊಳ್ಳುವುದೇ ಮಾರ್ಗ. ಈ ಒಂದು ಸಂದರ್ಭದಲ್ಲಿ, ಹಿಂದೆ ನಾನು ಹಳಿದ ಪ್ರತಿಯೇ ರಕ್ಷಕ. ಮೂಲದ ಫೋಲ್ಡರನ್ನು ತಾಲ್ಲೂಕಿನ ಕ್ರಮದಲ್ಲಿ ಒಂದೇ ಒಂದಾಗಿ ಇಟ್ಟು, ವಂಶ, ಕಾಲ, ವಿಷಯ ಎಂಬ ಉಳಿದ ವಿಂಗಡಣೆಗಳಲ್ಲೆಲ್ಲ ಕೈಮರಗಳನ್ನೇ ನೆಡುತ್ತೇವೆ. ಬೇರೆಯವರ ಖಾತೆಯ ಫೈಲಿಗೆ ನೆಟ್ಟ ಕೈಮರದ ಹೆಸರಿನ ಮುಂದೆ ‘ಪರ’ ಎಂದು ಗುರುತು ಹಾಕುತ್ತೇವೆ. ವರ್ಷಕ್ಕೊಮ್ಮೆ ಇಬ್ಬರು ಕುಳಿತು ಅವನ್ನು ಒಂದೊಂದಾಗಿ ತೆರೆದು ನೋಡುವರು. ಸಂಗ್ರಹವನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡಾಗಲೂ ಹೆಸರುಗಳನ್ನು ನೋಡಿ ತೃಪ್ತರಾಗದೆ ಚಿತ್ರಗಳನ್ನು ತೆರೆದು ನೋಡುವುದು ಕಡ್ಡಾಯ. ಬೇಸರದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಹೋದ ಚಿತ್ರಗಳನ್ನು ಮತ್ತೆ ತೆಗೆಯಲು ಎರಡು ಬೇಸಗೆಗಳು ಹಿಡಿದುವು. ಸತ್ತ ಕೈಮರಗಳ ಹೆಸರುಗಳೇ ನಮಗೆ ದಾರಿಯ ಪಟ್ಟಿಯಾದುವು. ಊರೂ ಸ್ಥಳವೂ ಅವುಗಳಲ್ಲಿ ಇದ್ದುದರಿಂದ ಬಹುಪಾಲು ಕಲ್ಲುಗಳನ್ನು ಮರಳಿ ಕಂಡೆವು. ಕೆಲವು ಕಾಣಲಿಲ್ಲ. ಒಂದು ಊರಿನಲ್ಲಿ ಕೆರೆಯ ಏರಿಯ ಮೇಲೆ ನಿಂತಿದ್ದ ತುರುಗೋಳಿನ ವೀರಗಲ್ಲೊಂದು, ಏರಿಯನ್ನು ಅಗಲಮಾಡಿ ರಸ್ತೆ ಹಾಕಿದಾಗ ಎಲ್ಲಿ ಹೋಯಿತೆಂಬುದನ್ನು ಹೇಳುವವರು ಅಲ್ಲಿ ದೊರೆಯಲಿಲ್ಲ. ಅದರ ಪಾಠವನ್ನು ಯಾರೂ ಪ್ರಕಟಿಸಿಲ್ಲ. ನಮ್ಮ ಫೋಲ್ಡರಿನಲ್ಲಿ ಅದರ ಕೈಮರವನ್ನು ಅಳಿಸದೆ ಇಟ್ಟಿದ್ದೇವೆ. ಒತ್ತಿದರೆ ಏನೂ ತೆರೆಯುವುದಿಲ್ಲ. ಹೆಸರಿನಲ್ಲಿ ಊರು, ‘ಕೆರೆ ಏರಿ, ಪಡುಮೊಗ’, ‘9 ಸಾಲು, ಕೊನೆಯ 2 ಸವೆದಿವೆ’ ಎಂದಿದೆ.